ಕಂಪನಿಗಳು ತಮ್ಮ ವ್ಯವಹಾರತಂತ್ರವನ್ನು ತಾವಾಗಿ ಪ್ರಕಟಿಸುವುದೇಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನು ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ 8ರಿಂದ 12 ತಿಂಗಳು ಇಡುತ್ತಾನೆ. ಒಳಗಿನ ನೀರು ಇಂಗಿ ತಿರುಳು ಕರಟವನ್ನು ಬಿಟ್ಟಮೇಲೆ, ಕಾಯಿಯನ್ನು ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಸದ್ದು ಮಾಡುವುದು. ಕೊಳ್ಳುವವನು ಕೊಬ್ಬರಿಯನ್ನು ಕೈಯಲ್ಲಿ ಹಿಡಿದು, ಬೇಕಾದರೆ ಒಡೆದು ನೋಡಬಲ್ಲನು. ಸರಕೇ ತನ್ನ ಗುಣವನ್ನು ಹೇಳುವಲ್ಲಿ ವರ್ತಕನು ಮಾತನಾಡಬೇಕಾಗಿಲ್ಲ. ಉತ್ತರ ಭಾರತಕ್ಕೆ ಕಳುಹಿಸಲು ತನಗೆಷ್ಟು ಕ್ವಿಂಟಲ್ ಬೇಕೆಂದು ಹರಾಜಿಗೆ ಮುನ್ನವೇ ಸಾರಿದವನು ಹೆಚ್ಚು ಬೆಲೆ ತೆತ್ತಾನು. ಗುಟ್ಟು ಅಲ್ಲಿ ವಿವೇಕವೇ ಸರಿ.

ಹೀಗಿರುವಲ್ಲಿ, ಕಾನೂನು ಕೇಳದಿದ್ದರೂ ಕೆಲವು ಕಂಪನಿಗಳು ತಮ್ಮ ಮುಂದಣ ದಾರಿಯನ್ನು ಅಚ್ಚುಹಾಕಿಸುವುದೇಕೆ? ನಮ್ಮ ನಾಡಿನ ನಿದರ್ಶನವೆಂದರೆ ಇನ್ಫೋಸಿಸ್. 1981ರಲ್ಲಿ ಆರಂಭವಾಗಿ 1993ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿದ ಈ ಸಂಸ್ಥೆಯು, 1999ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಸ್ಡಾಕ್ ಪೇಟೆಯನ್ನು ಸೇರುವ ಮೊದಲೇ ಆ ದೇಶದ ಪದ್ಧತಿಯಂತೆಯೂ ಲೆಕ್ಕಪತ್ರವನ್ನು ಒದಗಿಸುತ್ತಿತ್ತು. ವಾರ್ಷಿಕ ವರದಿಯಲ್ಲಿ ನೌಕರವರ್ಗದ ಮೌಲ್ಯವನ್ನೂ ಅಂದಾಜು ಮಾಡಿ ತೋರಿಸಿತು. ಬರಲಿರುವ ವರಮಾನದ ಮುನ್ನಂದಾಜನ್ನೂ ಕೊಡತೊಡಗಿತು.

ಕಾರಣವು ಸರಕಿನ ಸ್ವರೂಪದಲ್ಲಿಯೇ ಇದೆ. ತಂತ್ರಾಂಶ ಸಂಸ್ಥೆಯ ಆಸ್ತಿಯು ನೌಕರರ ಬುದ್ಧಿ. ಕಡಲಾಚೆಯ ಹೂಡಿಕೆದಾರನು ಅದನ್ನು ಅಲ್ಲಾಡಿಸಿ ನೋಡಲಾರನು. ಗುಣ ತಿಳಿಯದ ಪೇಟೆಯಲ್ಲಿ ಒಳ್ಳೆಯದಕ್ಕೂ ಕೆಟ್ಟದಕ್ಕೂ ಒಂದೇ ಬೆಲೆ ಬಂದು ಒಳ್ಳೆಯದು ಹಿಂದೆ ಸರಿಯುವುದೆಂದು ಅರ್ಥಶಾಸ್ತ್ರಜ್ಞ ಅಕರ್ಲಾಫ್ 1970ರಲ್ಲಿ ತೋರಿಸಿದರು. ಆದುದರಿಂದ ಉತ್ತಮ ಸಂಸ್ಥೆಗೆ ಮೌನವೇ ನಷ್ಟ. ಆದರೆ ಬರಿಯ ಹೊಗಳಿಕೆಯನ್ನು ಯಾರು ನಂಬುವರು? ಮುಂದೆ ತಾಳೆನೋಡಬಹುದಾದ ಮಾತಿಗೆ ಮಾತ್ರ ಬೆಲೆ. ಅದರ ತೆರವೂ ಅಲ್ಪವಲ್ಲ: 2003ರ ಏಪ್ರಿಲ್‌ನಲ್ಲಿ ಇನ್ಫೋಸಿಸ್ಸಿನ ಮುನ್ನಂದಾಜು ಪೇಟೆಯ ನಿರೀಕ್ಷೆಗಿಂತ ಕಡಮೆಯಾಗಲು, ಷೇರಿನ ಬೆಲೆ ಒಂದೇ ದಿನದಲ್ಲಿ ಕಾಲುಭಾಗಕ್ಕೂ ಮಿಕ್ಕಿ ಕುಸಿಯಿತು.

ದೇಶದಿಂದ ದೇಶಕ್ಕೆ ಕಾಣುವ ಭೇದವೂ ಬಂಡವಾಳದ ಮೂಲವನ್ನೇ ಅನುಸರಿಸುತ್ತದೆ. ಕಳೆದ ಶತಮಾನದ ಜರ್ಮನಿ, ಜಪಾನುಗಳಲ್ಲಿ ಸಾಲ ಕೊಟ್ಟ ಬ್ಯಾಂಕಿಗೆ ಒಳಗಿನ ಸಂಗತಿ ನೇರವಾಗಿ ತಿಳಿಯುತ್ತಿತ್ತು. ಚದರಿದ ಷೇರುದಾರರನ್ನು ನೆಚ್ಚಿದ ಅಮೆರಿಕ, ಬ್ರಿಟನ್ನುಗಳಲ್ಲಿ ಬಹಿರಂಗವಾಗಿ ಹೇಳಬೇಕಾಯಿತು. ಬ್ರಿಟನ್ 2013ರಲ್ಲಿ ಇದನ್ನು ಕಾನೂನಿಗೇ ಒಳಪಡಿಸಿತು. ವರದಿಯ ಪುಟಗಳನ್ನು ಎಣಿಸಿ ದೇಶಗಳನ್ನು ಹೋಲಿಸುವ ಸಂಶೋಧಕರು ಇಂಥ ಕಡ್ಡಾಯದ ಪಾಲನ್ನು ಮೊದಲು ಕಳೆಯುವುದು ಲೇಸು.

ಯಾವ ಸಂಸ್ಥೆಯೂ ಎಲ್ಲವನ್ನೂ ಹೇಳದು. ದಿಕ್ಕನ್ನು ಹೇಳಿ, ಗಿರಾಕಿಯೊಡನೆ ಕುದುರಿಸಿದ ದರವನ್ನು ಬಚ್ಚಿಡುವುದೇ ವಾಡಿಕೆ.

ತೆಂಗು ಬೆಳೆಗಾರರ ಉತ್ಪಾದಕ ಕಂಪನಿಗಳಿಗೂ ಈ ವಿಚಾರ ಸಲ್ಲುವುದು. ಅವುಗಳ ಷೇರು ಪೇಟೆಗೆ ಬರುವುದಿಲ್ಲ. ಬೆಳೆಗಾರನೇ ಅಲ್ಲಿ ಹೂಡಿಕೆದಾರ. ಕಂಪನಿಯು ಮುಂದೆ ಕೊಬ್ಬರಿ ಕೊಳ್ಳುವುದೋ, ಹಸಿಕಾಯಿಯನ್ನೇ ಕೊಂಡು ಪುಡಿ ಮಾಡಿಸುವುದೋ ಎಂಬುದು ಕಾಯಿ ಅಟ್ಟಕ್ಕೇರುವ ಮೊದಲೇ ಅವನಿಗೆ ತಿಳಿಯಬೇಕು. ತಿಳಿಯದಿದ್ದರೆ ಅವನು ಎಂದಿನಂತೆ ಮಂಡಿಗೇ ಹೋಗುವನು.