ಹೆಸರಿನ ಜೊತೆಗೊಂದು ಊರು

ಕಲೆ, ಕ್ರೀಡೆ ಮತ್ತು ಸಾರ್ವಜನಿಕ ಜೀವನದಲ್ಲಿ ಹೆಸರಾದವರನ್ನು ಒಂದು ನಾಡು ಯಾವ ಬಗೆಯಲ್ಲಿ ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ನೋಡಿದರೆ, ಆ ನಾಡು ಯಾವ ದುಡಿಮೆಯನ್ನು ದೊಡ್ಡದೆಂದು ಬಗೆದಿದೆ ಎಂಬುದೂ ತಿಳಿಯುತ್ತದೆ. ಕೆನಡಾದ ಟೊರಾಂಟೊ ನಗರದಲ್ಲಿ 1998ರಿಂದ ಆ ದೇಶದ ಕಲಾವಿದರ, ಆಟಗಾರರ ಮತ್ತು ಇತರ ಸಾಧಕರ ಹೆಸರುಗಳನ್ನು ಫುಟ್‌ಪಾತಿನ ನೆಲದಲ್ಲಿ ಕೂಡಿಸಿ ಗೌರವಿಸುವ ಪದ್ಧತಿಯಿದೆ. ಸಾಧಕರ ಹೆಸರನ್ನು ಕಲ್ಲಿಗೆ ಒಪ್ಪಿಸುವ ಇಂಥದೇ ಪದ್ಧತಿ ಅರಸೀಕೆರೆ, ಬೇಲೂರು ಮತ್ತು ಹಳೇಬೀಡಿನ ಸೀಮೆಯಲ್ಲಿ ಒಂದೂವರೆ ಸಾವಿರ ವರ್ಷಗಳಿಂದ ಬೆಳೆದುಬಂದಿದ್ದು, ಇಲ್ಲಿ ಹೆಸರಿನೊಡನೆ ಊರೂ ಸೇರಿಕೊಂಡಿರುವುದು ಅದರ ವಿಶೇಷ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಗುರುತಿಸಿರುವ ಶಾಸನವು ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ಹದಿನಾರು ಸಾಲುಗಳ ಈ ಬರಹ ದೇವರ ಪೂಜೆಗಾಗಿಯೋ ಗುಡಿಯ ಕಟ್ಟಡಕ್ಕಾಗಿಯೋ ಹುಟ್ಟಿದ್ದಲ್ಲ. ಕದಂಬರ ಕಾಲದ ಯುದ್ಧವೊಂದರಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬ ವೀರನಿಗೆ ಹಳ್ಳಿಗಳನ್ನು ‘ಬಾಳ್ಗಚ್ಚು’ ಎಂಬ ದತ್ತಿಯಾಗಿ, ಅಂದರೆ ವೀರನ ಕತ್ತಿಯನ್ನು ತೊಳೆದು ಗೌರವಿಸುವ ಕೊಡುಗೆಯಾಗಿ, ನೀಡಿದ್ದನ್ನು ಅದು ದಾಖಲಿಸುತ್ತದೆ. ಕನ್ನಡ ಕಲ್ಲಿನ ಮೇಲೆ ಮೂಡತೊಡಗಿದ ಕಾಲದಲ್ಲಿಯೇ ಒಬ್ಬ ಸಾಧಕನ ಹೆಸರನ್ನು ಉಳಿಸುವ ಕೆಲಸಕ್ಕೆ ತೊಡಗಿತ್ತೆಂಬುದು ಈ ಸೀಮೆಯ ಹೆಮ್ಮೆ.

ಆದರೆ ಹಲ್ಮಿಡಿಯ ಕಲ್ಲು ನೆನೆಯುವುದು ಕತ್ತಿ ಹಿಡಿದವನನ್ನು. ಉಳಿ ಹಿಡಿದವರ ಹೆಸರುಗಳು ಇಲ್ಲಿ ತುಂಬಿ ಬರುವುದು ಹೊಯ್ಸಳರ ಕಾಲದಲ್ಲಿ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ, ಸೂರಿನಡಿಯಲ್ಲಿ ಓರೆಯಾಗಿ ನಿಲ್ಲಿಸಿದ ‘ಮದನಿಕೆ’ಗಳೆಂಬ ಸ್ತ್ರೀವಿಗ್ರಹಗಳ ಪೀಠಗಳ ಮೇಲೆ ಶಿಲ್ಪಿಗಳು ತಮ್ಮ ಹೆಸರು, ಬಿರುದು ಮತ್ತು ಊರನ್ನು ತಾವೇ ಕೆತ್ತಿದ್ದಾರೆ. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಇವರಲ್ಲಿ ಪ್ರಮುಖರು. ದಾಸೋಜ, ಮಲ್ಲೋಜ, ನಾಗೋಜ ಮುಂತಾದ ಹೆಸರುಗಳ ಕೊನೆಯಲ್ಲಿ ಬರುವ ‘ಓಜ’ ಎಂಬ ಪದಕ್ಕೆ ಗುರು, ಕಲಿಸುವವ ಎಂಬ ಅರ್ಥವಿರುವುದರಿಂದ, ಕಲ್ಲುಕೆಲಸವು ಆ ಕಾಲಕ್ಕೆ ಬರಿಯ ಕೂಲಿಯಾಗಿರದೆ ವಿದ್ಯೆಯ ಮನ್ನಣೆಯನ್ನು ಪಡೆದಿತ್ತೆಂದು ಹೇಳಬಹುದು. ಜನಪದ ಕಥೆಗಳು ಈ ದೇಗುಲದ ಕೀರ್ತಿಯನ್ನೆಲ್ಲ ಶಿಲ್ಪಿ ಜಕಣಾಚಾರಿಯೊಬ್ಬನಿಗೇ ಕೊಡುತ್ತವೆಯಾದರೂ, ಗುಡಿಯ ಕಲ್ಲುಗಳು ಹೇಳುವುದು ಹಲವು ಊರುಗಳಿಂದ ಬಂದು ಒಂದೇ ಕಟ್ಟಡಕ್ಕೆ ದುಡಿದ ಹಲವರ ಹೆಸರುಗಳನ್ನು. ಕಥೆಯ ಚೆಲುವು ಕಥೆಗಿರಲಿ, ಕೆತ್ತಿದವರ ಪಾಲು ಕೆತ್ತಿದವರಿಗೆ ಸಲ್ಲಬೇಕು.

ಶಿಲ್ಪಕ್ಕೆ ಆಶ್ರಯವಿತ್ತವರೂ ಈ ಸಾಲಿಗೆ ಸೇರಬೇಕಾದವರೇ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯು ಹಾಡು, ವಾದ್ಯ ಮತ್ತು ಕುಣಿತಗಳಲ್ಲಿ ಪಡೆದಿದ್ದ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಬೇಲೂರಿನ ಕಪ್ಪೆ ಚೆನ್ನಿಗರಾಯ ಗುಡಿಯನ್ನೂ ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದ ಆಕೆ ಕಲಾವಿದೆಯೂ ಹೌದು, ಸಾರ್ವಜನಿಕ ಜೀವನದಲ್ಲಿ ತನ್ನದೇ ಸ್ಥಾನವಿದ್ದ ವ್ಯಕ್ತಿಯೂ ಹೌದು. ದೋರಸಮುದ್ರವೆಂದು ಹೆಸರಾಗಿದ್ದ ಹೊಯ್ಸಳರ ರಾಜಧಾನಿ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇಗುಲದ ನಿರ್ಮಾಣವನ್ನು ಕೈಗೊಂಡವನು ಕೇತಮಲ್ಲನೆಂಬ ಅಧಿಕಾರಿ. ಅದೇ ರಾಜಧಾನಿಯಲ್ಲಿ ದೊರೆ ವೀರಬಲ್ಲಾಳನ ಆಸ್ಥಾನಕವಿಯಾಗಿದ್ದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದು ಕವಿಚಕ್ರವರ್ತಿಯೆನಿಸಿದ್ದಲ್ಲದೆ, ಶಾಸನಗಳನ್ನೂ ರಚಿಸಿದ. ಅರಸೀಕೆರೆಯಲ್ಲಿ 1220ರ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ ರೇಚರಸನಿಗೆ ‘ವಸುಧೈಕಬಾಂಧವ’, ಅಂದರೆ ಲೋಕಕ್ಕೆಲ್ಲ ಒಬ್ಬನೇ ನೆಂಟ, ಎಂಬ ಬಿರುದಿತ್ತು.

ಹದಿಮೂರನೆಯ ಶತಮಾನದಲ್ಲಿ ಈ ಪರಂಪರೆಯ ಬಹು ದೊಡ್ಡ ಹೆಸರು ರೂವಾರಿ ಮಲ್ಲಿತಮ್ಮನದು. ‘ರೂವಾರಿ’ ಎಂದರೆ ರೂಪವನ್ನು ಕಡೆಯುವವ. ನುಗ್ಗೇಹಳ್ಳಿಯಲ್ಲಿಯೂ 1268ರ ಸೋಮನಾಥಪುರದ ದೇಗುಲದಲ್ಲಿಯೂ ವಿಗ್ರಹಗಳ ಅಡಿಯಲ್ಲಿ ತನ್ನ ಹೆಸರನ್ನು ಬಿಟ್ಟಿರುವ ಈತ, ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇಗುಲದಲ್ಲಿಯೂ ಕೆಲಸ ಮಾಡಿದ್ದಾನೆ.

ಜಾವಗಲ್ಲಿನ ಹೆಸರು ಏಳು ಶತಮಾನಗಳ ಬಳಿಕ ಮತ್ತೆ ದೂರದೂರಕ್ಕೆ ಹೋದದ್ದು ಕ್ರಿಕೆಟ್ಟಿನಿಂದ. ಮೈಸೂರಿನಲ್ಲಿ 1969ರಲ್ಲಿ ಹುಟ್ಟಿದ ಶ್ರೀನಾಥ್, ತಮ್ಮ ಮನೆತನದ ಊರನ್ನು ಹೆಸರಿನ ಮುಂದಿಟ್ಟುಕೊಳ್ಳುವ ಕನ್ನಡದ ವಾಡಿಕೆಯಂತೆ ಜಾವಗಲ್ ಶ್ರೀನಾಥ್ ಎಂದೇ ಪರಿಚಿತರಾದರು. 67 ಟೆಸ್ಟ್ ಪಂದ್ಯಗಳಲ್ಲಿ 236 ಮತ್ತು 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದ ಅವರು ಏಕದಿನ ಕ್ರಿಕೆಟ್ಟಿನಲ್ಲಿ ಮುನ್ನೂರರ ಗಡಿ ದಾಟಿದ ಮೊದಲ ಭಾರತೀಯ ವೇಗದ ಬೌಲರ್. ಅದೇ ತಾಲ್ಲೂಕಿನ ಇನ್ನೊಬ್ಬ ವೇಗಿ, ಅರಸೀಕೆರೆಯಲ್ಲಿ 1971ರಲ್ಲಿ ಜನಿಸಿದ ಡೇವಿಡ್ ಜಾನ್ಸನ್. ರಣಜಿ ಟ್ರೋಫಿಯ 1995-96ರ ಋತುವಿನಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ ಹತ್ತು ವಿಕೆಟ್ ಕಿತ್ತು ಆಯ್ಕೆಗಾರರ ಗಮನ ಸೆಳೆದಿದ್ದ ಅವರಿಗೆ, ಶ್ರೀನಾಥ್ ಗಾಯಗೊಂಡಿದ್ದರಿಂದ ತೆರವಾದ ಸ್ಥಾನದಲ್ಲಿ 1996ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ದೆಹಲಿಯಲ್ಲಿ ಮೊದಲ ಟೆಸ್ಟ್ ಆಡುವ ಅವಕಾಶ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಆಡಿದರು. ಜಾನ್ಸನ್ನರ ಟೆಸ್ಟ್ ಬದುಕು ಆ ಎರಡು ಪಂದ್ಯಗಳಿಗೇ ಮುಗಿಯಿತು, 2024ರ ಜೂನಿನಲ್ಲಿ ಅವರು ತೀರಿಕೊಂಡರು. ಎರಡೇ ಪಂದ್ಯವಾದರೂ ದೇಶದ ಪರವಾಗಿ ಆಡಿದ ಅರಸೀಕೆರೆಯ ಮಗನ ಹೆಸರು, ಅವರ ಊರಿನವರ ನೆನಪಿನಲ್ಲಿ ಶ್ರೀನಾಥರ ಹೆಸರಿನ ಪಕ್ಕದಲ್ಲಿಯೇ ಇರಬೇಕಾದದ್ದು.

ಊರು ಹುಟ್ಟಿನಿಂದ ಮಾತ್ರವಲ್ಲದೆ ದುಡಿಮೆಯಿಂದಲೂ ತನ್ನದಾಗುತ್ತದೆ ಎಂಬುದಕ್ಕೆ ಯಶೋಧರಾ ದಾಸಪ್ಪನವರು ಸಾಕ್ಷಿ. ಬೆಂಗಳೂರಿನಲ್ಲಿ 1905ರಲ್ಲಿ ಹುಟ್ಟಿ, ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದ ಈ ಗಾಂಧೀವಾದಿ ಮಹಿಳೆ, ಹಳ್ಳಿಯ ಹೆಂಗಸರ ತರಬೇತಿಗಾಗಿ ಅರಸೀಕೆರೆಯಲ್ಲಿ ನೆಲೆಗೊಂಡ ಕಸ್ತೂರ್ಬಾ ಗ್ರಾಮದ ಕೆಲಸಕ್ಕೆ ಬೆನ್ನೆಲುಬಾಗಿ ನಿಂತರು. ರಾಜ್ಯದ ಸಚಿವೆಯಾಗಿದ್ದಾಗ ಸರ್ಕಾರವು ಪಾನನಿಷೇಧವನ್ನು ಕೈಬಿಟ್ಟದ್ದನ್ನು ಒಪ್ಪದೆ ಪದವಿಯನ್ನೇ ತೊರೆದ ಅವರಿಗೆ 1972ರಲ್ಲಿ ಪದ್ಮಭೂಷಣ ಸಂದಿತು. ಬಳ್ಳಿಗಾವೆಯ ದಾಸೋಜನು ಬೇಲೂರಿಗೆ ಸಂದಂತೆ ಯಶೋಧರಾ ಅವರು ಅರಸೀಕೆರೆಗೆ ಸಂದವರು.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇಗುಲಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಸೀಮೆಯ ಮೇಲೆ ಲೋಕದ ಕಣ್ಣು ಬಿದ್ದಿದೆ. ಆದರೆ ಮದನಿಕೆಯ ಮುಖವನ್ನು ನೋಡಲು ತಲೆಯೆತ್ತುವವರು ಅವಳ ಪೀಠದ ಮೇಲಿನ ಸಣ್ಣ ಅಕ್ಷರಗಳನ್ನೂ ಗಮನಿಸಿ, ಅಲ್ಲಿ ಬರೆದಿರುವ ಹೆಸರನ್ನೂ ಊರನ್ನೂ ಮಕ್ಕಳಿಗೆ ಓದಿ ಹೇಳಿದಾಗಲೇ ಕೆತ್ತಿದವರ ಆಸೆ ಪೂರ್ತಿಯಾಗುತ್ತದೆ. ಓದಲಿ ಎಂದೇ ಅವರು ಅದನ್ನು ಬರೆದದ್ದು.