ಟಾಕಿಯ ವಾಯರಿಗೆ ಬೇರೆ ಪೈಪು

ಹುಬ್ಬಳ್ಳಿ–ಧಾರವಾಡದ ಮಾಳಿಗೆಗಳಲ್ಲಿ ನೀರಿನ ಟಾಕಿ ಹಳೇ ನಿವಾಸಿ, ಸೋಲಾರ್ ಪ್ಯಾನೆಲ್ ಹೊಸ ಬಾಡಿಗೆದಾರ. ಮಲಪ್ರಭೆಯ ನೀರಿಗೆ ದಿನಗಟ್ಟಲೆ ಕಾದು ಕೂತ ಊರಿದು. ಟಾಕಿ ತುಂಬಿತೋ ಇಲ್ಲವೋ ಹೇಳುವ ಸೆನ್ಸರ್ ಇಲ್ಲಿ ಶೋಕಿಯಲ್ಲ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಎಂದಿತು. ಪ್ಯಾನೆಲ್ಲೂ ಮೇಲೇರಿತು. ಈಗ ಎರಡರ ವಾಯರೂ ಕೆಳಗಿಳಿಯಬೇಕು. ಮನೆ ಕಟ್ಟುವಾಗ ಬಿಟ್ಟದ್ದು ಮಾತ್ರ ಒಂದೇ ಪೈಪು.

‘ಡಿಸಿ ಐತ್ರಿ, ಏನೂ ಆಗೂದಿಲ್ಲ’ ಎನ್ನುತ್ತಾರೆ ಎರಡನ್ನೂ ಅದರಲ್ಲೇ ಇಳಿಸುವ ಕೆಲಸದವರು. ಅರ್ಧ ನಿಜ. ಏರಿಳಿತವಿಲ್ಲದ ಡಿಸಿ ಪಕ್ಕದ ತಂತಿಯನ್ನು ಕಾಡದು. ಆದರೆ ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರಿನೊಳಗಿನ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ. ಆ ಗದ್ದಲ ಡಿಸಿ ವಾಯರಿಗೂ ಹತ್ತಿ, ಅಲ್ಲಿಂದ ಐದು ವೋಲ್ಟಿನ ಸೆನ್ಸರ್ ತಂತಿಗೆ ದಾಟಬಹುದು. ಅರ್ಧ ಟಾಕಿಗೇ ‘ತುಂಬಿತು’ ಎಂದು ಮೋಟರ್ ನಿಂತರೆ ಅಚ್ಚರಿಯಿಲ್ಲ. ಇದಕ್ಕೆ ಮದ್ದು ಹಳೆಯದು: ಒಂದಕ್ಕೊಂದು ಹೊಸೆದ ಜೋಡಿ ತಂತಿ. ಟೆಲಿಫೋನಿಗಾಗಿ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದ ಉಪಾಯ. ಎರಡೂ ತಂತಿಗೆ ಸಮನಾಗಿ ತಗುಲಿದ ಗದ್ದಲ, ವ್ಯತ್ಯಾಸ ಅಳೆಯುವಾಗ ವಜಾ ಆಗುತ್ತದೆ.

ನನ್ನ ತಕರಾರು ಗದ್ದಲದ್ದಲ್ಲ, ಹೊದಿಕೆಯದು. ಆರು ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್. ಸೋಲಾರ್ ಕೇಬಲ್ 1,500 ವೋಲ್ಟ್ ತಡೆಯುತ್ತದೆ. ತೆಳ್ಳನೆಯ ಸೆನ್ಸರ್ ವಾಯರಿಗೆ ಆ ತಾಕತ್ತಿಲ್ಲ. ಬಿಸಿಲಲ್ಲಿ ಕಾದ ಪೈಪಿನ ತಿರುವಿನಲ್ಲಿ ಎಳೆದಾಡಿ ಹೊದಿಕೆಗಳು ಸವೆದವೆನ್ನಿ, ಆ ವೋಲ್ಟೇಜ್ ನೇರ ನೀರಿನ ಟಾಕಿಗೆ ದಾರಿ ಹುಡುಕುತ್ತದೆ. ಸೋರಿಕೆ ಕಂಡರೆ ವಿದ್ಯುತ್ ಕಡಿಯುವ ಮನೆಯ ಮಾಮೂಲಿ ಆರ್‌ಸಿಸಿಬಿ ಸ್ವಿಚ್ಚು ಎಸಿ ಸೋರಿಕೆಗೆಂದು ಮಾಡಿದ್ದು, ಪ್ಯಾನೆಲ್ ಕಡೆಯ ಡಿಸಿ ಅದರ ಲೆಕ್ಕಕ್ಕೇ ಬಾರದು. ಇನ್ವರ್ಟರ್ ದೋಷ ಗುರುತಿಸಿ ನಿಂತರೂ, ಬಿಸಿಲಿರುವ ತನಕ ಪ್ಯಾನೆಲ್ಲು ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡ ಐಇಸಿ 60364 ಸುಮ್ಮನೆ ಹಟ ಹಿಡಿದಿಲ್ಲ: ಒಂದೇ ಕೊಳವೆಯಲ್ಲಿ ಕಡಿಮೆ ಮತ್ತು ಹೆಚ್ಚು ವೋಲ್ಟೇಜ್ ಸೇರಬೇಕಾದರೆ, ಪ್ರತಿ ಕೇಬಲ್ಲೂ ಅಲ್ಲಿರುವ ಅತಿ ಹೆಚ್ಚಿನ ವೋಲ್ಟೇಜ್ ತಾಳುವಂತಿರಬೇಕು.

ಹಾಗಾಗಿ ನವನಗರದಲ್ಲೋ ಗೋಕುಲ ರಸ್ತೆಯಲ್ಲೋ ಈಗ ಸ್ಲ್ಯಾಬ್ ಹಾಕುವವರು ಎರಡು ಪೈಪು ಬಿಡಿ. ಸ್ಲ್ಯಾಬ್ ಆಗಿಹೋಗಿದ್ದರೆ ಸೆನ್ಸರ್ ವಾಯರನ್ನು ಹೊರಗೋಡೆಯ ಮೇಲೇ ಇಳಿಸಿ. ಚೆಂದ ಕಾಣುವುದಿಲ್ಲ, ನಡೆಯುತ್ತದೆ. ಎರಡೂ ಒಂದನ್ನೊಂದು ದಾಟಲೇಬೇಕಾದ ಕಡೆ ಅಡ್ಡಕ್ಕೆ, ಲಂಬಕೋನದಲ್ಲಿ ದಾಟಿಸಿ.

ಎರಡು ಪೈಪು ಸಿಕ್ಕವೆಂದು ಪ್ಯಾನೆಲ್ಲಿನ ಪ್ಲಸ್ ಒಂದರಲ್ಲಿ, ಮೈನಸ್ ಇನ್ನೊಂದರಲ್ಲಿ ಹಾಕುವವರೂ ಇದ್ದಾರೆ. ಅದು ಇನ್ನೊಂದು ಎಡವಟ್ಟು. ಅವೆರಡರ ನಡುವೆ ಅಂತರ ಹೆಚ್ಚಿದಷ್ಟೂ ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಸಿಡಿಲು, ಮನೆಗೆ ಬಡಿಯದೆ ದೂರದಲ್ಲೇ ಬಿದ್ದರೂ, ಆ ಎರಡು ತಂತಿ ಸೇರಿ ಆಗುವ ಸುತ್ತಿನಲ್ಲಿ ಹೆಚ್ಚು ವೋಲ್ಟೇಜ್ ಎಬ್ಬಿಸುತ್ತದೆ. ಅವೆರಡು ಜೋಡಿಯಾಗಿಯೇ ಇಳಿಯಲಿ. ಬೇರೆ ಇರಬೇಕಾದ್ದು ಟಾಕಿಯ ವಾಯರು.