ವಿಕಿರಣಧೂಳಿನಿಂದ ಹಳ್ಳಿಯ ಮನೆಗಳು ಕೊಡುವ ರಕ್ಷಣೆ

ಮನೆಯನ್ನು ಕಟ್ಟತಕ್ಕವರು ಮಳೆ, ಬಿಸಿಲು, ಕಳ್ಳಕಾಕರು ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟುವುದು ವಾಡಿಕೆ. ಅಣುಬಾಂಬಿನ ಸ್ಫೋಟವಾದ ತರುವಾಯ ಆಕಾಶದಿಂದ ಇಳಿದು ಬೀಳುವ ಧೂಳನ್ನು ಕುರಿತು ಯೋಚಿಸಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಯಾರೂ ಮನೆ ಕಟ್ಟಿದವರಲ್ಲ. ಅಂತಹ ಧೂಳು ಈ ನಾಡಿನ ಯಾವ ಹಳ್ಳಿಯನ್ನೂ ಅಪಾಯಕ್ಕೆ ಗುರಿಮಾಡಿದ್ದೂ ಇಲ್ಲ. ಆದರೆ 2025ನೆಯ ಇಸವಿ ಮೇ 7ರಂದು ದೇಶದ ಅನೇಕ ಕಡೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದ ಮೇಲೆ, ಆಪತ್ಕಾಲದಲ್ಲಿ ಊರಿನ ಜನರು ಯಾವ ಕಟ್ಟಡದಲ್ಲಿ ಆಶ್ರಯ ಪಡೆಯಬೇಕೆಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರವು ಊರಿನ ಮುಖಂಡರಿಗೆ ಮೊದಲೇ ತಿಳಿದಿರತಕ್ಕದ್ದು. ಧೂಳು ಬೀಳತೊಡಗಿದ ಮೇಲೆ ಮನೆಮನೆಯನ್ನೂ ನೋಡಿ ಆರಿಸಲು ಅವಕಾಶವಿರುವುದಿಲ್ಲ.

ಬೆಂಗಳೂರು ಈ ನಾಲ್ಕು ತಾಲ್ಲೂಕುಗಳ ಕಸಬೆಗಳಿಗೆ ಸುಮಾರು 40ರಿಂದ 60 ಕಿಲೋಮೀಟರುಗಳ ದೂರದಲ್ಲಿದೆ. ಅಂತಹ ದೊಡ್ಡ ಪಟ್ಟಣದಲ್ಲಿ ಬಾಂಬು ಸಿಡಿದರೆ ಅದರ ಬೆಂಕಿಯೂ ಹೊಡೆತವೂ ಇಷ್ಟು ದೂರಕ್ಕೆ ತಲುಪುವ ಸಂಭವ ಬಹು ಕಡಿಮೆ. ತಲುಪಬಹುದಾದದ್ದು ಧೂಳು. ಬಾಂಬು ನೆಲಕ್ಕೆ ತಗುಲಿ ಸಿಡಿದಾಗ ಅಲ್ಲಿನ ಮಣ್ಣು ಕಲ್ಲುಗಳು ಕರಗಿ, ಆವಿಯಾಗಿ, ಮೇಲಕ್ಕೆ ಎಳೆಯಲ್ಪಟ್ಟು, ಬಾಂಬಿನ ವಿಕಿರಣ ವಸ್ತುಗಳೊಡನೆ ಬೆರೆತು, ಮರಳಿನಂತಹ ಕಣಗಳಾಗಿ ಗಾಳಿಯ ದಿಕ್ಕಿನಲ್ಲಿ ಬೀಳುವುವು. 1945ರಲ್ಲಿ ಹಿರೋಷಿಮಾದ ಮೇಲೆ ಹಾಕಿದ ಬಾಂಬು ಸುಮಾರು 600 ಮೀಟರು ಎತ್ತರದಲ್ಲಿಯೇ ಸಿಡಿದುದರಿಂದ ಅಲ್ಲಿ ಈ ಬಗೆಯ ಧೂಳು ಬಿದ್ದುದು ಅಲ್ಪ. ಅದರ ಪೂರ್ಣ ಸ್ವರೂಪವು ಲೋಕಕ್ಕೆ ಗೊತ್ತಾದದ್ದು 1954ನೆಯ ಮಾರ್ಚಿ 1ರಂದು. ಅಂದು ಅಮೆರಿಕನ್ನರು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಸಿಡಿಸಿದ ಬಾಂಬಿನ ಧೂಳು, 100 ಕಿಲೋಮೀಟರಿಗೂ ಎಷ್ಟೋ ಆಚೆಗಿದ್ದ ರೊಂಗೆಲಾಪ್ ದ್ವೀಪದ ಮೇಲೆ ಕೆಲವು ಗಂಟೆಗಳ ತರುವಾಯ ಬಿಳಿಯ ಪುಡಿಯಂತೆ ಉದುರಿತು. ಅದು ಏನೆಂಬುದನ್ನರಿಯದ ಮಕ್ಕಳು ಅದರಲ್ಲಿ ಆಟವಾಡಿದರು. ಗರಿ ಹೊದಿಸಿದ ಅಲ್ಲಿನ ಗುಡಿಸಲುಗಳು ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಎರಡು ದಿನಗಳ ತರುವಾಯ ಜನರನ್ನು ಸಾಗಿಸಿದರು. ಮುಂದೆ ಅವರ ಚರ್ಮ ಸುಟ್ಟ ಹುಣ್ಣಾಗಿ, ಕೂದಲೂ ಉದುರಿತು.

ಗಾಳಿಯ ವಿಷಯದಲ್ಲಿ ರೈತರು ಒಂದು ತಪ್ಪೆಣಿಕೆಗೆ ಒಳಗಾಗುವ ಸಂಭವವುಂಟು. ಮುಂಗಾರಿನ ತಿಂಗಳುಗಳಲ್ಲಿ ಈ ಸೀಮೆಯಲ್ಲಿ ಪಡುವಣ ಗಾಳಿ ಬೀಸುವುದರಿಂದ, ಮೂಡಲಿಗಿರುವ ಬೆಂಗಳೂರಿನ ಧೂಳು ಇತ್ತ ಬರಲಾರದೆಂದು ತೋರಬಹುದು. ಆದರೆ ಅದೇ ತಿಂಗಳುಗಳಲ್ಲಿ 14-15 ಕಿಲೋಮೀಟರು ಎತ್ತರದಲ್ಲಿ ದಕ್ಷಿಣ ಹಿಂದೂದೇಶದ ಮೇಲೆ ಮೂಡಣದಿಂದ ಪಡುವಣಕ್ಕೆ ಬಹಳ ರಭಸವಾದ ಗಾಳಿ ಹರಿಯುತ್ತಿರುತ್ತದೆ. ಇದನ್ನು 1950ರ ದಶಕದಲ್ಲಿ ವಿವರಿಸಿದವರು ಹವಾಶಾಸ್ತ್ರಜ್ಞರಾದ ಪಿ. ಕೋಟೇಶ್ವರಂ ಅವರು. ಅಣುಬಾಂಬಿನ ಮೋಡವು ಆ ಎತ್ತರಕ್ಕೂ ಏರಬಲ್ಲುದು. ಆದುದರಿಂದ ರಾಗಿ ತೂರುವಾಗ ನೋಡುವ ಗಾಳಿಯನ್ನು ನೋಡಿ ಧೂಳಿನ ದಾರಿಯನ್ನು ನಿಶ್ಚಯಿಸಲಾಗದು.

ಈ ಧೂಳಿನಿಂದ ಹೊರಡುವ ಗಾಮಾ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಬೆಳಕಿನಂತೆ ನೇರವಾಗಿ ಹರಿಯುವುವು. ಬೆಳಕನ್ನು ತಡೆಯಲು ಒಂದು ಬಟ್ಟೆ ಸಾಕು. ಇವುಗಳನ್ನು ತಡೆಯಲು ತೂಕ ಬೇಕು. ಯಾವ ಪದಾರ್ಥವೆಂಬುದಕ್ಕಿಂತ ಎಷ್ಟು ಭಾರವಾದುದೆಂಬುದೇ ಮುಖ್ಯ. ಕಿರಣಗಳನ್ನು ಅರ್ಧಕ್ಕೆ ಇಳಿಸಲು ಗಟ್ಟಿಸಿದ ಮಣ್ಣಾದರೆ ಸುಮಾರು 3½ ಅಂಗುಲ, ಕಾಂಕ್ರೀಟಾದರೆ ಸುಮಾರು 2½ ಅಂಗುಲ ದಪ್ಪವಿರಬೇಕು. ಈ ಸೀಮೆಯ ಕಗ್ಗಲ್ಲು ಕಾಂಕ್ರೀಟಿಗಿಂತ ಸ್ವಲ್ಪ ಭಾರವಾದುದರಿಂದ ಇನ್ನೂ ಕೊಂಚ ಕಡಿಮೆಯಾದರೂ ಸಾಕು. ನೀರಾದರೆ 7 ಅಂಗುಲ, ಮರವಾದರೆ 11 ಅಂಗುಲ ಬೇಕಾಗುವುದು. ಚನ್ನಪಟ್ಟಣದ ಬೊಂಬೆಗಳಿಗೆ ಒದಗುವ ಹಗುರವಾದ ಹಾಲೆಮರವಾದರೆ ಅದಕ್ಕಿಂತಲೂ ಹೆಚ್ಚು. ದಪ್ಪವು ಎರಡರಷ್ಟಾದರೆ ಕಿರಣವು ಕಾಲುಭಾಗಕ್ಕೂ, ಮೂರರಷ್ಟಾದರೆ ಎಂಟರಲ್ಲೊಂದು ಭಾಗಕ್ಕೂ ಇಳಿಯುವುದು. ಈ ಲೆಕ್ಕದಂತೆ ಒಂದೂವರೆ ಅಡಿಯ ಮಣ್ಣುಗೋಡೆಯನ್ನು ದಾಟಿ ಬರುವುದು ಸುಮಾರು 32ರಲ್ಲಿ ಒಂದು ಪಾಲು; ಮೂರು ಅಡಿ ಮಣ್ಣನ್ನು ದಾಟಿ ಬರುವುದು 1000ದಲ್ಲಿ ಒಂದು ಪಾಲು.

ಹಾಗಾದರೆ ಹಿಂದಿನವರು ಕಟ್ಟಿದ ದಪ್ಪ ಗೋಡೆಯ ಮನೆಗಳೆಲ್ಲವೂ ಕೋಟೆಗಳಂತಿರುವುವೆಂದು ಭಾವಿಸಬಾರದು. ಧೂಳು ನಿಲ್ಲುವುದು ಎರಡು ಕಡೆ: ಮನೆಯ ಸುತ್ತಲಿನ ನೆಲದ ಮೇಲೆ ಮತ್ತು ಮನೆಯ ಚಾವಣಿಯ ಮೇಲೆ. ನೆಲದ ಮೇಲಿನ ಧೂಳಿಗೆ ಗೋಡೆ ಅಡ್ಡವಾಗಿ ನಿಲ್ಲುವುದು. ಚಾವಣಿಯ ಮೇಲಿನದಕ್ಕೆ ಚಾವಣಿಯೊಂದೇ ಅಡ್ಡಿ. ಹೆಂಚಿನ ತೂಕ ಅತ್ಯಲ್ಪವಾದುದರಿಂದ ಅದು ಕಿರಣಗಳನ್ನು ಹೆಚ್ಚು ಕಡಿಮೆ ಇದ್ದಂತೆಯೇ ಒಳಕ್ಕೆ ಬಿಡುವುದು. ದಪ್ಪ ಮಣ್ಣುಗೋಡೆಯೂ ಹೆಂಚಿನ ಮಾಡೂ ಇರುವ ಮನೆಯಲ್ಲಿ ಬಯಲಿನ ಕಿರಣದ ಸುಮಾರು ಐದನೆಯ ಒಂದು ಪಾಲು ಒಳಗಿರುವುದೆಂದು ಸ್ಥೂಲವಾಗಿ ಎಣಿಸಬಹುದು. ಅದರಲ್ಲಿ ಬಹುಭಾಗವೂ ತಲೆಯ ಮೇಲಿನಿಂದ ಬಂದದ್ದು. ಅದೇ ಗೋಡೆಗಳ ಮೇಲೆ ನಾಲ್ಕು ಅಂಗುಲದ ಕಲ್ಲುಚಪ್ಪಡಿ ಹೊದಿಸಿದ್ದರೆ ಒಳಗಿರುವುದು ಹತ್ತು ಹದಿನೈದರಲ್ಲಿ ಒಂದು ಪಾಲು ಮಾತ್ರ. ಈಚೆಗೆ ಎಲ್ಲೆಲ್ಲಿಯೂ ಏಳುತ್ತಿರುವ, ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಮತ್ತು ಐದು ಅಂಗುಲದ ಆರ್‌.ಸಿ.ಸಿ. ಚಾವಣಿಯ ಮನೆಗಳು ಕಿಟಕಿಗಳ ವಿಸ್ತಾರಕ್ಕೆ ತಕ್ಕಂತೆ ಐದರಿಂದ ಹತ್ತರಲ್ಲಿ ಒಂದು ಪಾಲಿಗೆ ಇಳಿಸುವುವು. ಅದರ ಮೇಲೆ ಇನ್ನೊಂದು ಮಹಡಿಯಿದ್ದರೆ ಕೆಳಗಿನ ನಡುಕೋಣೆ ಇನ್ನೂ ಉತ್ತಮ. ತಗಡು ಅಥವಾ ಸಿಮೆಂಟ್ ಶೀಟಿನ ಮನೆಗಳಲ್ಲಿ ಒಳಗೂ ಹೊರಗೂ ವ್ಯತ್ಯಾಸವು ಅರ್ಧದಷ್ಟೇ. ಅಮೆರಿಕದಲ್ಲಿ 1961ರ ತರುವಾಯ ಸಾರ್ವಜನಿಕ ಆಶ್ರಯಗಳನ್ನು ಗುರುತಿಸಿದಾಗ 40ರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಿರಣ ಒಳಬರುವ ಕಟ್ಟಡವನ್ನು ಒಪ್ಪುತ್ತಿರಲಿಲ್ಲ. ಇದನ್ನು ನೋಡಿದರೆ ಹಳ್ಳಿಯ ಮನೆಗಳ ಸ್ಥಿತಿ ಎಷ್ಟರದೆಂಬುದು ತಿಳಿಯುವುದು.

ತೊಟ್ಟಿಯ ಮನೆಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಊರಿನಲ್ಲಿ ದೊಡ್ಡ ಮನೆಯೆಂದರೆ ಬಹುಮಟ್ಟಿಗೆ ಅದೇ, ಆಪತ್ತಿನಲ್ಲಿ ಜನ ಓಡಿಬರುವುದೂ ಅಲ್ಲಿಗೇ. ಆದರೆ ಬಯಲಾದ ತೊಟ್ಟಿಯು ಧೂಳನ್ನು ಮನೆಯ ಹೃದಯಕ್ಕೇ ಬರಮಾಡಿಕೊಳ್ಳುವುದು. ಸುತ್ತಲಿನ ಹೆಂಚಿನ ಇಳಿಜಾರಿನ ಧೂಳೂ ಜಾರಿ ಅಲ್ಲಿಯೇ ಸೇರಬಹುದು. ಆದುದರಿಂದ ತೊಟ್ಟಿಯ ಸುತ್ತಣ ಜಗಲಿಯಲ್ಲಿ ಜನರನ್ನು ಕೂರಿಸಕೂಡದು. ತೊಟ್ಟಿಗೂ ಹೊರಗೋಡೆಗೂ ದೂರವಾಗಿ, ನಾಲ್ಕೂ ಕಡೆ ಗೋಡೆಯುಳ್ಳ ಕತ್ತಲೆ ಕೋಣೆಯೇ, ಅದರಲ್ಲಿಯೂ ಹಲಗೆಯ ಮೇಲೆ ಮಣ್ಣು ಹಾಸಿ ಮಾಡಿದ ಅಟ್ಟವು ಮೇಲಿರುವ ಕೋಣೆಯೇ, ಆ ಮನೆಯಲ್ಲಿ ತಕ್ಕ ಸ್ಥಳ. ಹಿಂದಿನವರು ಬೆಂಕಿಯ ಭಯದಿಂದ ಹಾಸಿದ ಮಣ್ಣು ಇಲ್ಲಿ ಬೇರೊಂದು ಉಪಕಾರ ಮಾಡುವುದು. ಕೋಣೆಯ ಹೊರಗೋಡೆಗೆ ರಾಗಿಯ ಮೂಟೆಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಸಾಲು ಮೂಟೆ ಕಿರಣವನ್ನು ಸರಿಸುಮಾರು ಅರ್ಧಕ್ಕೆ ಇಳಿಸಬಲ್ಲುದು. ಕೇರಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳಿಗೆ ನೆರೆಮನೆಯೇ ಗೋಡೆಯಾಗುವುದರಿಂದ, ತೋಟದ ನಡುವೆ ಒಂಟಿಯಾಗಿ ಕಟ್ಟಿದ ಹೊಸ ಮನೆಗಿಂತ ಅವು ಲೇಸು. ರೇಷ್ಮೆ ಹುಳು ಸಾಕುವ ಮನೆಗಳು ವಿಶಾಲವಾಗಿದ್ದರೂ ಜನರನ್ನು ಸೇರಿಸಲು ತಕ್ಕವಲ್ಲ. ಹುಳುವಿಗೆ ಬೇಕಾದುದು ಗಾಳಿಯಾಡುವ ಎದುರುಬದುರು ಕಿಟಕಿಗಳು. ಇಲ್ಲಿ ಬೇಕಾದುದು ಅದಕ್ಕೆ ವಿರುದ್ಧ.

ಊರಿನಲ್ಲಿ ಕಲ್ಲಿನ ಗೋಡೆಯೂ ಕಲ್ಲಿನ ಚಾವಣಿಯೂ ಇರುವ ಹಳೆಯ ದೇವಾಲಯವಿದ್ದರೆ ಅದರ ನವರಂಗವು ಅಲ್ಲಿನ ಎಲ್ಲ ಮನೆಗಳಿಗಿಂತಲೂ ಭದ್ರವಾದ ಸ್ಥಳವಾಗಿರಬಹುದು. ಅಂತಹ ಸಮಯದಲ್ಲಿ ಅದರ ಬಾಗಿಲು ಊರಿನ ಎಲ್ಲ ಜನರಿಗೂ ತೆರೆಯುವುದೇ ಎಂಬುದನ್ನು ಹಿರಿಯರು ಸಮಾಧಾನದ ದಿನಗಳಲ್ಲಿಯೇ ಕುಳಿತು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಈ ಸೀಮೆಯ ಬಂಡೆಗಲ್ಲಿಗೆ ರಾಮನಗರದ ಹಳೆಯ ಹೆಸರನ್ನೇ ಕೊಟ್ಟು ಭೂಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆಯುವರು. ಗ್ರಾನೈಟಿನಲ್ಲಿ ಸ್ವಭಾವತಃ ಸ್ವಲ್ಪ ವಿಕಿರಣವಿರುವುದು ನಿಜ. ಆದರೆ ಇಲ್ಲಿ ಹೇಳುತ್ತಿರುವ ಧೂಳಿನ ಎದುರಿಗೆ ಅದು ಗಣನೆಗೆ ಬಾರದು. ಆ ಕಾರಣಕ್ಕಾಗಿ ಕಲ್ಲಿನ ಕಟ್ಟಡವನ್ನು ಬಿಟ್ಟು ಹೊರಗೆ ಬರುವುದು ಬುದ್ಧಿವಂತಿಕೆಯಲ್ಲ.

ಚಾವಣಿಯ ಮೇಲೆ ಮಣ್ಣು ಹೇರಿ ಭದ್ರಪಡಿಸುವ ಯೋಚನೆ ಅನೇಕರಿಗೆ ಬರಬಹುದು. ಲೆಕ್ಕಕ್ಕೆ ಅದು ಸರಿಯಾದರೂ ತೂಕವನ್ನು ಮರೆಯಲಾಗದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಚಾವಣಿಯ ಮೇಲೆ ಆರು ಅಂಗುಲ ಮಣ್ಣು ಹಾಕಿದರೆ ಅದರ ಭಾರ ಎರಡು ಟನ್ನಿಗೂ ಹೆಚ್ಚು. ಮಳೆಯಲ್ಲಿ ನೆನೆದರೆ ಇನ್ನೂ ಅಧಿಕ. ಹೆಂಚಿನ ಮಾಡಂತೂ ಇದನ್ನು ಹೊರಲಾರದು. ಕಲ್ಲುಚಪ್ಪಡಿಯು ಬಾಗಿ ಮುನ್ಸೂಚನೆ ಕೊಡುವ ವಸ್ತುವಲ್ಲ. ಹೊರೆ ಮೀರಿದಾಗ ಒಮ್ಮೆಗೇ ಬಿರಿದು ಬೀಳುವುದು. ಆದುದರಿಂದ ಮಣ್ಣಿನ ಚೀಲಗಳನ್ನು ಚಾವಣಿಗೆ ಏರಿಸುವ ಬದಲು, ಕೋಣೆಯೊಳಗೆ ಗಟ್ಟಿಯಾದ ಮಂಚವನ್ನೋ ಮೇಜನ್ನೋ ಇಟ್ಟು, ಅದು ತಾಳುವಷ್ಟು ಮಾತ್ರ ಮೂಟೆಗಳನ್ನು ಮೇಲೂ ಪಕ್ಕಗಳಲ್ಲಿಯೂ ಇಟ್ಟು, ಮಕ್ಕಳನ್ನೂ ಗರ್ಭಿಣಿಯರನ್ನೂ ಅದರಡಿಯಲ್ಲಿ ಇರಿಸುವುದು ಕ್ಷೇಮಕರ.

ಹಗೇವಿನ ವಿಷಯದಲ್ಲಿ ಎಷ್ಟು ಎಚ್ಚರಿಕೆ ಹೇಳಿದರೂ ಸಾಲದು. ನೆಲದಡಿಯಲ್ಲಿ ತೋಡಿ, ಬಾಯಿಗೆ ಚಪ್ಪಡಿ ಮುಚ್ಚಿ, ವರ್ಷಗಟ್ಟಲೆ ರಾಗಿಯನ್ನು ಕೆಡದಂತೆ ಕಾಪಾಡಿದ ಆ ಗುಳಿಗಳು ಕೆಲವು ಊರುಗಳಲ್ಲಿ ಇನ್ನೂ ಉಳಿದಿರಬಹುದು. ಮೂರು ಅಡಿ ಮಣ್ಣಿನ ಲೆಕ್ಕವನ್ನು ಓದಿದವರಿಗೆ ಅದೇ ಅತ್ಯುತ್ತಮವಾದ ಆಶ್ರಯವೆಂದು ತೋರುವುದು ಸಹಜ. ಆದರೆ ರಾಗಿಯು ಕೆಡದಿರುವುದಕ್ಕೆ ಕಾರಣವೇ ಅಲ್ಲಿ ಒಳ್ಳೆಯ ಗಾಳಿ ಇಲ್ಲದಿರುವುದು. ಧಾನ್ಯವು ಪ್ರಾಣವಾಯುವನ್ನು ತೀರಿಸಿ ಇಂಗಾಲಾಮ್ಲವನ್ನು ಬಿಡುವುದು. ಗಾಳಿಗಿಂತ ಭಾರವಾದ ಅದು ತಳದಲ್ಲಿ ನಿಲ್ಲುವುದು. ಬಾಯಿ ತೆರೆದು ಗಾಳಿಯಾಡಿಸದೆ ಹಗೇವಿಗಿಳಿದವರೂ, ಅವರನ್ನು ಎತ್ತಲು ಬೆನ್ನಲ್ಲೇ ಇಳಿದವರೂ ಉಸಿರುಕಟ್ಟಿ ಸತ್ತಿರುವ ಸಂಗತಿಗಳು ಹಳ್ಳಿಯ ಹಿರಿಯರಿಗೆ ಹೊಸವಲ್ಲ. ಬರಿದಾದ ಹಗೇವಿನಲ್ಲಿಯೂ ಬಾಯಿ ಮುಚ್ಚಿಕೊಂಡು ನಾಲ್ಕಾರು ಜನ ಕುಳಿತರೆ ಅವರ ಉಸಿರೇ ಗಾಳಿಯನ್ನು ಕೆಡಿಸುವುದು. ಧೂಳಿನಿಂದ ಆಗಬಹುದಾದ ಹಾನಿಗಿಂತ ಹಗೇವಿನ ಸಾವು ಬೇಗನೆ ಬರುವುದು. ಊರಿನ ಮುಖಂಡರು ಇದನ್ನು ಡಂಗುರ ಸಾರಿಯಾದರೂ ತಿಳಿಸತಕ್ಕದ್ದು.

ರಾಮದೇವರ ಬೆಟ್ಟದ ಬಂಡೆಗಳ ಸಂದಿಗೋ ಸಾವನದುರ್ಗದ ಗವಿಗಳಿಗೋ ಜನರನ್ನು ಕರೆದೊಯ್ಯುವ ಯೋಚನೆಯೂ ಬೇಡ. ಅಲ್ಲಿಗೆ ತಲುಪುವವರೆಗೆ ಬಯಲಿನಲ್ಲಿ ಕಳೆಯುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಏಕೆಂದರೆ ಈ ಧೂಳಿನ ಉಗ್ರತೆಯು ಮೊದಲಲ್ಲಿ ಬಹಳ, ತರುವಾಯ ಬೇಗಬೇಗನೆ ಇಳಿಯುವುದು. ಸಿಡಿದ ಒಂದು ಗಂಟೆಯ ಮೇಲೆ ಅದು 1000 ಇದ್ದರೆ, 7 ಗಂಟೆಗಳಿಗೆ ಸುಮಾರು 100, ಎರಡು ದಿನಗಳಿಗೆ 10, ಎರಡು ವಾರಗಳಿಗೆ 1 ಆಗುವುದು. ಆದುದರಿಂದ ಸಾಧಾರಣವಾದ ಮನೆಯೂ ಮೊದಲ ಎರಡು ದಿನ ಜನರನ್ನು ಒಳಗೆ ಹಿಡಿದಿಟ್ಟರೆ ಬಹು ದೊಡ್ಡ ಉಪಕಾರ ಮಾಡಿದಂತೆಯೇ ಸರಿ. ಅಧಿಕಾರಿಗಳು ಹೇಳುವವರೆಗೆ ಹೊರಗೆ ಬರಕೂಡದು. ಧೂಳು ಬಿದ್ದವರು ಬಾಗಿಲಲ್ಲಿಯೇ ಮೇಲುಡುಪು ಕಳಚಿದರೆ ಧೂಳಿನ ಬಹುಭಾಗ ಅದರೊಡನೆ ಹೋಗುವುದು. ಮಿಕ್ಕುದನ್ನು ನೀರಿನಿಂದ ತೊಳೆಯಬಹುದು. ಇದು ಅಂಟುರೋಗವಲ್ಲವಾದುದರಿಂದ ಹೊರಗಿನಿಂದ ಬಂದವರನ್ನು ಬಾಗಿಲಿನಿಂದ ಅಟ್ಟತಕ್ಕದ್ದಲ್ಲ.

ಆ ಎರಡು ದಿನಗಳಿಗೆ ನೀರು ಮನೆಯೊಳಗೇ ಇರಬೇಕು. ಕೊಳವೆಬಾವಿಯ ನೀರಿಗೆ ಧೂಳು ಸೇರದಿದ್ದರೂ ವಿದ್ಯುತ್ತಿಲ್ಲದೆ ಅದು ಮೇಲೆ ಬಾರದು. ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಮುಚ್ಚಿಟ್ಟ ನೀರನ್ನು ಕೊಡಬೇಕು. ಬಣವೆಯ ಮೇಲುಹೊದಿಕೆಯ ಹುಲ್ಲು ಧೂಳನ್ನು ಹಿಡಿದಿರುವುದರಿಂದ ಅದನ್ನು ಎಳೆದು ಬೇರೆ ಹಾಕಿ, ಒಳಗಿನ ಹುಲ್ಲನ್ನು ಮಾತ್ರ ಮೇಯಿಸತಕ್ಕದ್ದು. ಹಿಪ್ಪುನೇರಳೆಯ ಸೊಪ್ಪನ್ನು ಕುಯ್ಯಲು ಆಗ ತೋಟಕ್ಕೆ ಹೋಗಲಾಗದು; ಆ ಬೆಳೆಯ ಹುಳು ಹೋದರೆ ಹೋಗಲೆಂದು ಬಿಡಬೇಕಾಗುವುದು. ಹಾಲಿನ ವಿಷಯದಲ್ಲಿ 1986ನೆಯ ಏಪ್ರಿಲಿನಲ್ಲಿ ಚೆರ್ನೋಬಿಲ್ ಅಣುಸ್ಥಾವರವು ಸಿಡಿದಾಗ ದೊರೆತ ಅನುಭವವು ಕಠೋರವಾದುದು. ಧೂಳಿನಲ್ಲಿದ್ದ ವಿಕಿರಣ ಅಯೋಡಿನ್ ಹುಲ್ಲಿನಿಂದ ಹಸುವಿಗೂ, ಹಸುವಿನಿಂದ ಹಾಲಿಗೂ, ಹಾಲಿನಿಂದ ಮಕ್ಕಳ ಗಂಟಲಿನ ಥೈರಾಯ್ಡ್ ಗ್ರಂಥಿಗೂ ಸೇರಿ, ಮುಂದಿನ ವರ್ಷಗಳಲ್ಲಿ ಸಹಸ್ರಾರು ಮಂದಿಗೆ ಆ ಗ್ರಂಥಿಯ ಕ್ಯಾನ್ಸರ್ ತಗುಲಿತು. ಈ ಅಯೋಡಿನ್ ಎಂಟು ದಿನಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಹೊರಗೆ ಮೇದ ಹಸುವಿನ ಹಾಲನ್ನು ಕೆಲವು ವಾರಗಳವರೆಗೆ ಮಕ್ಕಳಿಗೆ ಕೊಡದೆ, ಡೈರಿಗೂ ಹಾಕದೆ ಚೆಲ್ಲುವುದೇ ಸರಿಯಾದ ಕ್ರಮ.